ಯೋಜನೆ, ಆವರ್ತನೆ ಮತ್ತು ಪಹಣಿ: ಹುಣಸೂರು ಉಪವಿಭಾಗದ ಹಿನ್ನೆಲೆಯಲ್ಲಿ ಒಂದು ವಿವೇಚನೆ

1. ಪೀಠಿಕೆ

ಕನ್ನಡದಲ್ಲಿ ‘ಯೋಜನೆ’ ಎಂಬ ಪದವು ಕನಿಷ್ಠ ಮೂರು ಅರ್ಥಗಳ ಹೊರೆಯನ್ನು ಹೊತ್ತಿದೆ. ಮುಂದೆ ಮಾಡಬೇಕಾದುದನ್ನು ಮೊದಲೇ ಆಲೋಚಿಸಿ ಬರೆದಿಡುವ ಕ್ರಮ ಯೋಜನೆ. ಪಂಚವಾರ್ಷಿಕ ಯೋಜನೆ ಎನ್ನುವಾಗ ಈ ಅರ್ಥ ಮುಂದಾಗಿರುತ್ತದೆ. ಸರ್ಕಾರವು ಜನರಿಗೆ ಸವಲತ್ತು ಒದಗಿಸುವ ವ್ಯವಸ್ಥೆಯೂ ಯೋಜನೆ. ವೃದ್ಧಾಪ್ಯ ವೇತನ ಯೋಜನೆ ಎಂಬಲ್ಲಿ ಈ ಅರ್ಥವಿದೆ. ಆರಂಭ, ಅಂತ್ಯ ಮತ್ತು ವೆಚ್ಚಗಳು ಗೊತ್ತಾಗಿರುವ ನಿರ್ದಿಷ್ಟ ಕಾರ್ಯವೂ ಯೋಜನೆಯೇ. ಕಬಿನಿ ಜಲಾಶಯ ಯೋಜನೆ ಎಂಬುದು ಇದಕ್ಕೆ ನಿದರ್ಶನ. ಆಲೋಚನೆಗೂ ಕಾರ್ಯಕ್ಕೂ ಒಂದೇ ಹೆಸರಿರುವುದರಿಂದ ಆಲೋಚನೆಯನ್ನು ಕಾಗದದ ಮೇಲೆ ಪೂರ್ಣಗೊಳಿಸಿದರೆ ಕಾರ್ಯವೂ ಬಹುಮಟ್ಟಿಗೆ ಮುಗಿದಂತೆ ಎಂಬ ಭಾವನೆಗೆ ನಮ್ಮ ಆಡಳಿತ ವ್ಯವಹಾರದಲ್ಲಿ ಸುಲಭವಾಗಿ ಎಡೆ ದೊರೆಯುತ್ತದೆ. ಯೋಜನಾ ನಿರ್ವಹಣೆಯ ಶಾಸ್ತ್ರದಲ್ಲಿ ಕಳೆದ ಐವತ್ತು ವರ್ಷಗಳಿಂದ ನಡೆದುಬಂದಿರುವ ಮುಖ್ಯ ಚರ್ಚೆಯೂ ಈ ಎರಡು ಅರ್ಥಗಳ ನಡುವಿನ ಅಂತರವನ್ನು ಕುರಿತದ್ದೇ ಆಗಿದೆ.

ಪ್ರಸ್ತುತ ಲೇಖನದಲ್ಲಿ ಈ ಚರ್ಚೆಯನ್ನು ಕರ್ನಾಟಕದ ಭೂದಾಖಲೆಗಳ ಗಣಕೀಕರಣದ, ಅಂದರೆ ‘ಭೂಮಿ’ ಯೋಜನೆಯ ಹಿನ್ನೆಲೆಯಲ್ಲಿ ಪರಿಶೀಲಿಸಲು ಪ್ರಯತ್ನಿಸಲಾಗಿದೆ. ವಿವೇಚನೆಯ ನೆಲೆಯಾಗಿ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳನ್ನು ಆರಿಸಿಕೊಳ್ಳಲಾಗಿದೆ. ಈ ತಾಲ್ಲೂಕುಗಳು ಹುಣಸೂರು ಕಂದಾಯ ಉಪವಿಭಾಗಕ್ಕೆ ಸೇರಿದವು. ಈಚಿನ ವರ್ಷಗಳಲ್ಲಿ ಹೆಗ್ಗಡದೇವನಕೋಟೆಯಿಂದ ಸರಗೂರು, ಕೃಷ್ಣರಾಜನಗರದಿಂದ ಸಾಲಿಗ್ರಾಮ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಈ ಲೇಖನದಲ್ಲಿ ಹಳೆಯ ನಾಲ್ಕು ತಾಲ್ಲೂಕುಗಳ ಹೆಸರಿನಲ್ಲಿಯೇ ಚರ್ಚೆಯನ್ನು ನಡೆಸಲಾಗಿದೆ.

2. ಮಾನಕ ಮತ್ತು ಆವರ್ತನೆ

ಯೋಜನಾ ನಿರ್ವಹಣೆಯು ಒಂದು ಸ್ವತಂತ್ರ ವಿದ್ಯೆಯಾಗಿ ರೂಪುಗೊಂಡುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1969ರಲ್ಲಿ ಅಮೆರಿಕದಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಅದು 1996ರಲ್ಲಿ ಪ್ರಕಟಿಸಿದ, ‘ಪಿಎಂಬಾಕ್’ ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾದ ಮಾರ್ಗದರ್ಶಿಯು ಕಾರ್ಯವೊಂದನ್ನು ಆರಂಭಿಸುವುದು, ರೂಪಿಸುವುದು, ನೆರವೇರಿಸುವುದು, ನಿಯಂತ್ರಿಸುವುದು ಮತ್ತು ಮುಗಿಸುವುದು ಎಂಬ ಐದು ಪ್ರಕ್ರಿಯಾ ಸಮೂಹಗಳನ್ನು ನಿರೂಪಿಸಿತು. ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯು 2012ರಲ್ಲಿ ಐಎಸ್ಒ 21500 ಎಂಬ ಮಾನಕವನ್ನೂ 2020ರಲ್ಲಿ ಐಎಸ್ಒ 21502 ಎಂಬ ಮಾನಕವನ್ನೂ ಪ್ರಕಟಿಸಿತು. ಯಾರ ಹೊಣೆ ಯಾವುದು, ಕಾರ್ಯದ ವ್ಯಾಪ್ತಿ ಎಷ್ಟು, ಬದಲಾವಣೆಗೆ ಒಪ್ಪಿಗೆ ಕೊಡುವವರಾರು ಎಂಬ ಪ್ರಶ್ನೆಗಳಿಗೆ ಲಿಖಿತ ಉತ್ತರವಿರಬೇಕೆಂಬುದು ಈ ಪರಂಪರೆಯ ತಿರುಳು.

ಇನ್ನೊಂದು ಪರಂಪರೆ ಆವರ್ತನೆಯದು. ಕಾರ್ಯದ ಒಂದು ಸಣ್ಣ ಭಾಗವನ್ನು ಪೂರ್ತಿಯಾಗಿ ಮಾಡಿ, ಬಳಸುವವರ ಮುಂದಿಟ್ಟು, ಅಲ್ಲಿ ಕಂಡ ದೋಷಗಳನ್ನು ತಿದ್ದಿಕೊಂಡು ಮತ್ತೆ ಮುಂದುವರಿಯುವ ಕ್ರಮವನ್ನು ಆವರ್ತಕ ಪದ್ಧತಿ ಎನ್ನಬಹುದು. ತಂತ್ರಾಂಶ ನಿರ್ಮಾಣದಲ್ಲಿ ‘ಜಲಪಾತ’ ಎಂದು ಕರೆಯಲಾಗುವ ಒಮ್ಮುಖ ಕ್ರಮಕ್ಕೆ 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಬರೆದ ಪ್ರಬಂಧವೇ ಮೂಲವೆಂದು ಹೇಳುವುದು ವಾಡಿಕೆ. ಆದರೆ ಆ ಪ್ರಬಂಧದಲ್ಲಿ ಜಲಪಾತ ಎಂಬ ಪದವೇ ಇಲ್ಲ. ಒಂದೇ ಸುತ್ತಿನಲ್ಲಿ ಕೆಲಸ ಮುಗಿಸುವುದು ಅಪಾಯಕಾರಿಯೆಂದೂ ಸಾಧ್ಯವಾದರೆ ಎರಡು ಬಾರಿ ಮಾಡಬೇಕೆಂದೂ ರಾಯ್ಸ್ ಸೂಚಿಸಿದ್ದನು. ಒಂದು ಎಚ್ಚರಿಕೆಯ ಬರಹವೇ ಅದು ಎಚ್ಚರಿಸಿದ ಕ್ರಮದ ಆಧಾರಗ್ರಂಥವಾಗಿ ಪರಿಣಮಿಸಿದುದು ಪಠ್ಯಗಳ ಇತಿಹಾಸವನ್ನು ಬಲ್ಲವರಿಗೆ ಹೊಸತೇನಲ್ಲ. 1980ರ ದಶಕದಲ್ಲಿ ಬ್ಯಾರಿ ಬೋಮ್ ಪ್ರತಿ ಸುತ್ತಿನಲ್ಲೂ ಅಪಾಯವನ್ನು ಅಳೆದು ಮುಂದುವರಿಯುವ ಸುರುಳಿ ಮಾದರಿಯನ್ನು ಮಂಡಿಸಿದನು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಸೇರಿದ 17 ಮಂದಿ ತಂತ್ರಾಂಶ ತಜ್ಞರು ‘ಅಜೈಲ್’ ಪ್ರಣಾಳಿಕೆಯನ್ನು ಹೊರಡಿಸಿದರು.

ಈ ಎರಡು ಪರಂಪರೆಗಳು ಪರಸ್ಪರ ವಿರುದ್ಧವೆಂದು ಬಹುಕಾಲ ಭಾವಿಸಲಾಗಿತ್ತು. ಆದರೆ 2021ರಲ್ಲಿ ಬಂದ ಪಿಎಂಬಾಕ್‌ನ ಏಳನೆಯ ಆವೃತ್ತಿಯು ಪ್ರಕ್ರಿಯೆಗಳ ಪಟ್ಟಿಯನ್ನು ಹಿಂದಕ್ಕೆ ಸರಿಸಿ 12 ತತ್ತ್ವಗಳನ್ನು ಮುಂದಿಟ್ಟಿತು. ಕಾರ್ಯದ ಸ್ವಭಾವಕ್ಕೆ ತಕ್ಕಂತೆ ಕ್ರಮವನ್ನು ಹೊಂದಿಸಿಕೊಳ್ಳಬೇಕೆಂಬುದು ಅವುಗಳಲ್ಲಿ ಒಂದು. ಹೀಗಾಗಿ ಮಾನಕ ಬೇಕೋ ಆವರ್ತನೆ ಬೇಕೋ ಎಂಬುದು ಈಗ ನಿಜವಾದ ಪ್ರಶ್ನೆಯಲ್ಲ. ಯಾವುದು ಸ್ಥಿರವಾಗಿರಬೇಕು, ಯಾವುದು ತಿದ್ದುಪಡಿಗೆ ತೆರೆದಿರಬೇಕು, ತಿದ್ದುವವರೆಗಿನ ತಪ್ಪಿನ ಬೆಲೆಯನ್ನು ಯಾರು ತೆರಬೇಕು ಎಂಬುವು ನಿಜವಾದ ಪ್ರಶ್ನೆಗಳು. ಇವುಗಳಲ್ಲಿ ಮೂರನೆಯದು ಪಠ್ಯಪುಸ್ತಕಗಳಲ್ಲಿ ಸಾಕಷ್ಟು ಚರ್ಚಿತವಾಗಿಲ್ಲ. ಅದನ್ನು ಪಹಣಿಯಂತಹ ದಾಖಲೆಯ ಸಂದರ್ಭದಲ್ಲಿ ಸ್ಪಷ್ಟವಾಗಿ ಕಾಣಬಹುದು.

3. ಪ್ರದೇಶ ಮತ್ತು ದಾಖಲೆ

ಹುಣಸೂರು ಉಪವಿಭಾಗದ ನಾಲ್ಕು ತಾಲ್ಲೂಕುಗಳು ಒಂದೇ ಕಂದಾಯ ಕಾನೂನಿಗೆ ಒಳಪಟ್ಟಿದ್ದರೂ ನೆಲದ ಸ್ವಭಾವದಲ್ಲಿ ಬಹಳ ಭಿನ್ನವಾಗಿವೆ. ಹಿಂದೆ ಎಡತೊರೆ ಎಂದು ಪ್ರಸಿದ್ಧವಾಗಿದ್ದ ಕೃಷ್ಣರಾಜನಗರ ಕಾವೇರಿ ನಾಲೆಗಳ ಭತ್ತದ ಸೀಮೆ. ಹುಣಸೂರು ಮತ್ತು ಪಿರಿಯಾಪಟ್ಟಣಗಳು ವರ್ಜೀನಿಯಾ ಹೊಗೆಸೊಪ್ಪಿನ ಬೆಳೆಗೆ ಹೆಸರಾದವು. ಇಲ್ಲಿಯ ಬೆಳೆಗಾರರು ತಂಬಾಕು ಮಂಡಳಿಯಲ್ಲಿ ನೋಂದಾಯಿಸಿಕೊಂಡು, ಬ್ಯಾರನ್‌ಗಳಿಗೆ ಪರವಾನಗಿ ಪಡೆದು, ಹರಾಜು ಮಾರುಕಟ್ಟೆಯಲ್ಲಿ ಮಾರುತ್ತಾರೆ. ಹೆಗ್ಗಡದೇವನಕೋಟೆಯಲ್ಲಿ 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯವಿದೆ, ಅದರಾಚೆಗೆ ನಾಗರಹೊಳೆಯ ಕಾಡಿದೆ. ಈ ತಾಲ್ಲೂಕಿನಲ್ಲಿಯೂ ಹುಣಸೂರಿನ ಕಾಡಂಚಿನಲ್ಲಿಯೂ ಜೇನುಕುರುಬ, ಬೆಟ್ಟಕುರುಬ, ಯರವ ಮೊದಲಾದ ಸಮುದಾಯಗಳ ಹಾಡಿಗಳಿವೆ.

ಭೂಸುಧಾರಣೆಯ ಚರಿತ್ರೆಯಲ್ಲಿಯೂ ಈ ಸೀಮೆಗೆ ವಿಶೇಷ ಸ್ಥಾನವಿದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿ ಪದ್ಧತಿ ರದ್ದಾಗಿ, ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಭೂನ್ಯಾಯಮಂಡಳಿಯ ಆದೇಶದಿಂದ ಒಡೆತನದ ಹಕ್ಕನ್ನು ಪಡೆದರು. ಉಳುವವನಿಗೆ ಬಂದ ಹಕ್ಕು ಊರಿನಲ್ಲಿ ಉಳಿಯಬೇಕಾದರೆ ಅದು ಪಹಣಿಯಲ್ಲಿ ದಾಖಲಾಗಬೇಕಿತ್ತು. ಆದುದರಿಂದ ಪಹಣಿಯ ಒಂದು ಸಾಲು ಕೇವಲ ಕಚೇರಿಯ ಬರವಣಿಗೆಯಲ್ಲ. ಒಂದು ಸಾಮಾಜಿಕ ಪರಿವರ್ತನೆಯ ಕೊನೆಯ ಮೆಟ್ಟಿಲು.

1964ರ ಕರ್ನಾಟಕ ಭೂಕಂದಾಯ ಕಾಯಿದೆ ಮತ್ತು 1966ರ ನಿಯಮಗಳ ಅಡಿಯಲ್ಲಿ ನಮೂನೆ 16ರಲ್ಲಿ ಇಡುವ ಹಕ್ಕು, ಗೇಣಿ ಮತ್ತು ಬೆಳೆಗಳ ದಾಖಲೆಯನ್ನೇ ಜನರು ಪಹಣಿ ಅಥವಾ ಆರ್.ಟಿ.ಸಿ. ಎನ್ನುತ್ತಾರೆ. ಅದರ 9ನೆಯ ಕಲಮಿನಲ್ಲಿ ಸ್ವಾಧೀನದಾರನ ಹೆಸರು, 10ರಲ್ಲಿ ಹಕ್ಕು ಬಂದ ಬಗೆ, 11ರಲ್ಲಿ ಸಾಲ ಮೊದಲಾದ ಋಣಭಾರಗಳು, 12ರಲ್ಲಿ ಸಾಗುವಳಿದಾರ ಮತ್ತು ಬೆಳೆಯ ವಿವರಗಳು ಇರುತ್ತವೆ. ಕಾಯಿದೆಯ 133ನೆಯ ಪ್ರಕರಣದ ಪ್ರಕಾರ ಇಂತಹ ನಮೂದನ್ನು ಅದಕ್ಕೆ ವಿರುದ್ಧವಾದುದು ರುಜುವಾತಾಗುವವರೆಗೆ ಅಥವಾ ಕಾನೂನುರೀತ್ಯಾ ಹೊಸ ನಮೂದು ಬರುವವರೆಗೆ ಸತ್ಯವೆಂದು ಭಾವಿಸತಕ್ಕದ್ದು. ಕಾನೂನು ಪಹಣಿಯನ್ನು ಅಂತಿಮ ಸತ್ಯವೆಂದು ಹೇಳಿಲ್ಲ, ಸದ್ಯದ ಸತ್ಯವೆಂದು ಮಾತ್ರ ಒಪ್ಪಿದೆ ಎಂಬುದು ಇಲ್ಲಿ ಗಮನಾರ್ಹ. ಆವರ್ತನೆಯ ತತ್ತ್ವವು ಗಣಕಯಂತ್ರ ಬರುವ ಮೊದಲೇ ಈ ಕಾನೂನಿನೊಳಗೆ ಅಡಕವಾಗಿತ್ತು.

4. ಮೊದಲ ಪ್ರಯತ್ನವೂ ‘ಭೂಮಿ’ಯೂ

ಗಣಕೀಕರಣಕ್ಕೆ ಮೊದಲು ಈ ದಾಖಲೆಗಳು ರಾಜ್ಯದ ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದವು. ಒಬ್ಬೊಬ್ಬರ ವಶದಲ್ಲಿ ಮೂರು ನಾಲ್ಕು ಊರುಗಳ ಪುಸ್ತಕಗಳಿರುತ್ತಿದ್ದವು. ರೈತನಿಗೆ ನಕಲು ಬೇಕಾದರೆ ಗ್ರಾಮಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಿತ್ತು. ತಿದ್ದುಪಡಿಯಾದರೆ ಅದು ಯಾರಿಂದ, ಎಂದು ಆಯಿತೆಂಬುದನ್ನು ಹೊರಗಿನವರು ತಿಳಿಯುವುದು ಕಷ್ಟವಾಗಿತ್ತು.

ಕೇಂದ್ರ ಸರ್ಕಾರವು 1988–89ರಲ್ಲಿ ದೇಶದ ಎಂಟು ರಾಜ್ಯಗಳ ಎಂಟು ಜಿಲ್ಲೆಗಳಲ್ಲಿ ಭೂದಾಖಲೆಗಳ ಗಣಕೀಕರಣವನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಕರ್ನಾಟಕದಲ್ಲಿ 1991ರಲ್ಲಿ ಮೊದಲ ಪ್ರಯೋಗ ನಡೆದು, 1996ರ ವೇಳೆಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ದೊರೆತಿತ್ತು. ಆದರೆ ಆ ಯೋಜನೆಯಲ್ಲಿ ತಾಲ್ಲೂಕು ಕಚೇರಿಗೆ ಗಣಕಯಂತ್ರವನ್ನು ಒದಗಿಸುವ ಅವಕಾಶವಿರಲಿಲ್ಲ. ಹಕ್ಕು ಬದಲಾವಣೆಯ ಕೆಲಸ ನಡೆಯುತ್ತಿದ್ದುದು ತಾಲ್ಲೂಕಿನಲ್ಲಿ, ಯಂತ್ರವಿದ್ದುದು ಜಿಲ್ಲೆಯಲ್ಲಿ. ಹೀಗೆ ದತ್ತಾಂಶವನ್ನು ಒಮ್ಮೆ ತುಂಬಿಸಿದರೂ ಮರುದಿನದಿಂದಲೇ ಅದು ಹಳತಾಗತೊಡಗುತ್ತಿತ್ತು. ಇಲ್ಲಿ ಸೋತದ್ದು ಯಂತ್ರವಲ್ಲ, ಯೋಜನೆಯನ್ನು ಕುರಿತ ಕಲ್ಪನೆ. ದಾಖಲೆಯನ್ನು ಒಮ್ಮೆ ಕಟ್ಟಿ ಮುಗಿಸಬಹುದಾದ ಕಟ್ಟಡದಂತೆ ಭಾವಿಸಲಾಗಿತ್ತು. ಅದು ಪ್ರತಿ ಮಾರಾಟ, ವಿಭಾಗ, ಸಾವುಗಳೊಡನೆ ಬದಲಾಗುವ ವಸ್ತುವೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಕಂದಾಯ ಇಲಾಖೆಯು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ತಂತ್ರಾಂಶದೊಂದಿಗೆ ರೂಪಿಸಿದ ‘ಭೂಮಿ’ ಯೋಜನೆ ಈ ಅನುಭವದಿಂದ ಪಾಠ ಕಲಿತಂತೆ ಕಾಣುತ್ತದೆ. ಇದರಲ್ಲಿ ಕೇಂದ್ರಸ್ಥಾನ ತಾಲ್ಲೂಕಿಗೆ ಸಂದಿತು. ಮೊದಲು ಕೆಲವೇ ತಾಲ್ಲೂಕುಗಳಲ್ಲಿ ಪ್ರಯೋಗ ನಡೆಸಿ, ಅನಂತರ ಜಿಲ್ಲೆಗೊಂದು ತಾಲ್ಲೂಕಿಗೆ ವಿಸ್ತರಿಸಿ, ಬಳಿಕ ರಾಜ್ಯದ ಎಲ್ಲ 177 ತಾಲ್ಲೂಕುಗಳಿಗೆ ಒಯ್ಯಲಾಯಿತು. 2002ರ ವೇಳೆಗೆ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳು ಗಣಕಕ್ಕೆ ಸೇರಿದ್ದವು. ತಾಲ್ಲೂಕು ಕೇಂದ್ರದ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿಯ ಮುದ್ರಿತ ಪ್ರತಿ ದೊರೆಯುತ್ತಿತ್ತು. ಅಜೈಲ್ ಪ್ರಣಾಳಿಕೆ ಹೊರಬಂದ ವರ್ಷಗಳಲ್ಲಿಯೇ, ಅದರ ಪರಿಭಾಷೆಯ ಪ್ರಭಾವವಿಲ್ಲದೆ, ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಹಂತಹಂತದ ಅನುಷ್ಠಾನ ನಡೆದಿತ್ತೆಂಬುದು ಸ್ವಾರಸ್ಯಕರ.

ಪ್ರಾಯೋಗಿಕ ಹಂತವನ್ನು ಕುರಿತು ಇಲ್ಲಿ ಒಂದು ಮಾತು ಅಗತ್ಯ. ಕೃಷ್ಣರಾಜನಗರದ ಭತ್ತದ ರೈತರು ಒಟ್ಲು ಬಿಡುತ್ತಾರೆ, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೆಳೆಗಾರರು ಸಸಿಮಡಿ ಮಾಡುತ್ತಾರೆ. ಒಟ್ಲು ಗದ್ದೆಯ ಚಿಕ್ಕ ಪ್ರತಿರೂಪವಲ್ಲ. ಅದಕ್ಕೆ ಸಿಗುವ ನೀರು, ಗೊಬ್ಬರ, ಕಾವಲು ಗದ್ದೆಗೆ ಸಿಗುವುದಿಲ್ಲ. ಪ್ರಾಯೋಗಿಕ ತಾಲ್ಲೂಕಿಗೂ ಇದೇ ಮಾತು ಅನ್ವಯಿಸುತ್ತದೆ. ಹಿರಿಯ ಅಧಿಕಾರಿಗಳ ನಿತ್ಯದ ಗಮನದಲ್ಲಿ ಚೆನ್ನಾಗಿ ನಡೆದ ಕ್ರಮವು ಕಾಡಂಚಿನ ಒಂದು ಹೋಬಳಿಯಲ್ಲಿಯೂ ಹಾಗೆಯೇ ನಡೆಯುತ್ತದೆಂದು ಹೇಳಲಾಗದು. ಒಟ್ಲು ಚೆನ್ನಾಗಿ ಬಂದಿತೆಂದು ಯಾವ ರೈತನೂ ಕಣಜ ತುಂಬಿತೆಂದು ಭಾವಿಸುವುದಿಲ್ಲ. ನಾಟಿಯ ಅನಂತರದ ಆರೈಕೆಯೇ ಬೆಳೆ ಎಂಬ ಅರಿವು ಅವನಿಗಿರುತ್ತದೆ.

5. ಬದಲಾಗದ್ದು ಮತ್ತು ಬದಲಾದದ್ದು

ಭೂಮಿ ಯೋಜನೆಯಲ್ಲಿ ಕೆಲವು ಅಂಶಗಳನ್ನು ಉದ್ದೇಶಪೂರ್ವಕವಾಗಿ ಬಿಗಿಯಾಗಿ ಇಡಲಾಯಿತು. ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲವೆಂದು ಘೋಷಿಸಲಾಯಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಅಳವಡಿಸಲಾಯಿತು. ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಪ್ರವೇಶಿಸಬೇಕಾದುದರಿಂದ ಯಾವ ನಮೂದನ್ನು ಯಾರು ಮಾಡಿದರೆಂಬುದು ಉಳಿಯುವಂತಾಯಿತು. ಆಕ್ಷೇಪಣೆಗೆ 30 ದಿನಗಳ ನೋಟಿಸು ಕೊಡಬೇಕೆಂಬ ಕಾನೂನಿನ ಅಗತ್ಯವನ್ನು ಯಂತ್ರದ ವೇಗಕ್ಕಾಗಿ ಮೊಟಕುಗೊಳಿಸಲಿಲ್ಲ. ಇವು ಮಾನಕದ ಭಾಗ. ನಾಗರಿಕನ ರಕ್ಷಣೆಗೆ ಸಂಬಂಧಿಸಿದ ನಿಯಮಗಳು ಸುತ್ತಿನಿಂದ ಸುತ್ತಿಗೆ ಬದಲಾಗಬಾರದು.

ಬದಲಾದವು ಸೇವೆ ದೊರೆಯುವ ಸ್ಥಳ ಮತ್ತು ಇತರ ಇಲಾಖೆಗಳೊಡನೆ ಸಂಪರ್ಕ. ಊರಿನಲ್ಲಿ ಗ್ರಾಮಲೆಕ್ಕಿಗರ ಬಳಿ ಇದ್ದ ದಾಖಲೆ ತಾಲ್ಲೂಕು ಕೇಂದ್ರಕ್ಕೆ ಹೋದಾಗ ಲಂಚಕ್ಕೆ ಎಡೆ ಕಡಮೆಯಾದರೂ ದೂರ ಹೆಚ್ಚಾಯಿತು. ಕೇರಳದ ಗಡಿಯಲ್ಲಿರುವ ಡಿ.ಬಿ. ಕುಪ್ಪೆಯ ರೈತನಿಗೆ ಪಹಣಿಯ ಶುಲ್ಕ 15 ರೂಪಾಯಿಯಾದರೂ ಕೋಟೆಗೆ ಹೋಗಿಬರುವ ಬಸ್ಸಿನ ವೆಚ್ಚ, ಒಂದು ದಿನದ ಕೂಲಿ ಅದಕ್ಕೆ ಸೇರುತ್ತಿದ್ದವು. ಹೋಬಳಿ ಮಟ್ಟದ ನಾಡಕಚೇರಿಗಳು, ಬಳಿಕ ಅಂತರಜಾಲದ ಸೇವೆ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದವು. ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶ, ಭೂಮಾಪನ ಇಲಾಖೆಯ ‘ಮೋಜಿಣಿ’ ತಂತ್ರಾಂಶಗಳೊಡನೆ ಜೋಡಣೆಯಾಯಿತು. ಜಮೀನಿನ ಒಂದು ಭಾಗವನ್ನು ಮಾರುವ ಮೊದಲು 11ಇ ನಕ್ಷೆ ಬೇಕೆಂಬ ಕ್ರಮ ಬಂದಿತು. ಪ್ರತಿಯೊಂದು ಸುತ್ತೂ ಹಿಂದಿನ ಸುತ್ತು ಬಿಟ್ಟುಹೋದ ಒಂದು ಕೊರತೆಯಿಂದ ಹುಟ್ಟಿದುದನ್ನು ಇಲ್ಲಿ ಕಾಣಬಹುದು.

ಈ ಬೆಳವಣಿಗೆಯನ್ನು ಎಲ್ಲರೂ ಏಕಪ್ರಕಾರವಾಗಿ ಒಪ್ಪಿಲ್ಲ. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ದಾಖಲೆಗಳ ಕೇಂದ್ರೀಕರಣದಿಂದ ಬೆಂಗಳೂರಿನ ಸುತ್ತಮುತ್ತ ಬಲಾಢ್ಯರಿಗೆ ಭೂಮಿ ಸುಲಭವಾಗಿ ಕೈಗೆಟುಕುವಂತಾಯಿತೆಂದು ವಾದಿಸಿತು. ಹುಣಸೂರು ಉಪವಿಭಾಗದ ಸ್ಥಿತಿ ಬೆಂಗಳೂರಿನಂತಹುದಲ್ಲ. ಆದರೂ ಒಂದು ಕಾರ್ಯದ ಯಶಸ್ಸನ್ನು ವೇಗದಿಂದ ಮಾತ್ರ ಅಳೆಯಬಾರದು, ಆ ವೇಗ ಯಾರಿಗೆ ಒದಗಿತೆಂದು ಕೇಳಬೇಕು ಎಂಬ ಆ ಅಧ್ಯಯನದ ಎಚ್ಚರಿಕೆ ಎಲ್ಲೆಡೆಗೂ ಸಲ್ಲುತ್ತದೆ.

6. ಪಹಣಿಯ ಭಾಷೆ

ಗಣಕೀಕರಣವನ್ನು ತಾಂತ್ರಿಕ ಕಾರ್ಯವೆಂದು ಪರಿಗಣಿಸುವುದು ರೂಢಿ. ವಾಸ್ತವವಾಗಿ ಅದರ ಬಹುಭಾಗ ಭಾಷೆಯ ಕಾರ್ಯ. ಪಹಣಿಯ ಕನ್ನಡವು ಹಲವು ಆಡಳಿತಗಳ ಪದರಗಳನ್ನು ಉಳಿಸಿಕೊಂಡಿದೆ. ಮಗನನ್ನು ಸೂಚಿಸುವ ‘ಬಿನ್’, ಹೆಂಡತಿಯನ್ನು ಸೂಚಿಸುವ ‘ಕೋಂ’, ಅಡ್ಡಹೆಸರಿಗೆ ಬರುವ ‘ಉರುಫ್’, ಸಾಗುವಳಿಗೆ ಬಾರದ ‘ಖರಾಬು’, ವಿಭಾಗವಾಗದ ಸರ್ವೆ ನಂಬರಿನ ‘ಪೈಕಿ’, ಆ ವಿಭಾಗವನ್ನು ಮಾಡುವ ‘ಪೋಡಿ’, ಸತ್ತವರ ಹೆಸರಿನಿಂದ ವಾರಸುದಾರರಿಗೆ ಬರುವ ‘ಪೌತಿ’ ಖಾತೆ ಇವೆಲ್ಲ ರೈತನ ಬಾಯಲ್ಲಿ ಇಂದಿಗೂ ಜೀವಂತವಾಗಿವೆ. ಈ ಪದಗಳಲ್ಲಿ ಪ್ರತಿಯೊಂದೂ ಒಂದು ಕಾನೂನಿನ ಸಂಬಂಧವನ್ನು ಹೇಳುತ್ತದೆ. ತಂತ್ರಾಂಶ ರಚಿಸುವವನಿಗೆ ಅವುಗಳ ಅರ್ಥ ಗೊತ್ತಿಲ್ಲದಿದ್ದರೆ ಕಲಮುಗಳು ತುಂಬುತ್ತವೆ, ದಾಖಲೆ ಆಗುವುದಿಲ್ಲ.

ಎರಡು ಸಣ್ಣ ನಿದರ್ಶನಗಳನ್ನು ಗಮನಿಸಬಹುದು. ಮೊದಲನೆಯದು ವಿಸ್ತೀರ್ಣದ ಬರವಣಿಗೆ. ರೈತರೂ ಕಚೇರಿಯವರೂ 1–20 ಎಂದು ಬರೆದರೆ ಒಂದು ಎಕರೆ ಇಪ್ಪತ್ತು ಗುಂಟೆ ಎಂದರ್ಥ. ನಲವತ್ತು ಗುಂಟೆಗೆ ಒಂದು ಎಕರೆಯಾದುದರಿಂದ ಅದು ಒಂದೂವರೆ ಎಕರೆ. ಅದನ್ನು ದಶಮಾಂಶವೆಂದು ಓದಿದರೆ ಒಂದು ಎಕರೆ ಎಂಟು ಗುಂಟೆಯಾಗುತ್ತದೆ; ಹನ್ನೆರಡು ಗುಂಟೆ ಕಾಗದದ ಮೇಲೆ ಇಲ್ಲವಾಗುತ್ತದೆ. ಎರಡನೆಯದು ಹೆಸರಿನ ಕಾಗುಣಿತ. ‘ಸಿದ್ದೇಗೌಡ’ ಮತ್ತು ‘ಸಿದ್ಧೇಗೌಡ’ ಊರಿನವರಿಗೆ ಒಬ್ಬನೇ ವ್ಯಕ್ತಿ. ಯಂತ್ರಕ್ಕೆ ಅಲ್ಪಪ್ರಾಣದವನು ಬೇರೆ, ಮಹಾಪ್ರಾಣದವನು ಬೇರೆ. ಪಡಿತರ ಚೀಟಿ, ಬ್ಯಾಂಕಿನ ಪುಸ್ತಕ, ಆಧಾರ್ ಮತ್ತು ಪಹಣಿಗಳಲ್ಲಿ ಒಂದು ಒತ್ತಕ್ಷರ ವ್ಯತ್ಯಾಸವಾದರೂ ಅವು ಒಬ್ಬನವೇ ಎಂದು ಸಾಧಿಸುವ ಹೊಣೆ ರೈತನ ಮೇಲೆ ಬೀಳುತ್ತದೆ. ನಮ್ಮ ಆಡುಭಾಷೆಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಭೇದ ದುರ್ಬಲವಾಗಿರುವುದು ಭಾಷಾವಿಜ್ಞಾನಿಗಳಿಗೆ ಚೆನ್ನಾಗಿ ತಿಳಿದ ಸಂಗತಿ. ಈ ತಿಳಿವಳಿಕೆಯು ಕಾರ್ಯದ ಅಗತ್ಯಗಳ ಪಟ್ಟಿಯಲ್ಲಿ ಮೊದಲೇ ಸೇರಿದ್ದರೆ ಅನೇಕ ತಿದ್ದುಪಡಿಗಳನ್ನು ತಪ್ಪಿಸಬಹುದು.

7. ತಪ್ಪಿನ ಬೆಲೆ

ತಂತ್ರಾಂಶದ ಆವರ್ತಕ ಪದ್ಧತಿಯಲ್ಲಿ ಮೊದಲ ಸುತ್ತಿನ ತಪ್ಪು ಎರಡನೆಯ ಸುತ್ತಿಗೆ ಪಾಠವಾಗುತ್ತದೆ. ‘ಸ್ಕ್ರಮ್’ ಎಂಬ ಪ್ರಚಲಿತ ಕ್ರಮದಲ್ಲಿ ಒಂದು ಸುತ್ತು ಒಂದು ತಿಂಗಳಿಗೆ ಮೀರುವಂತಿಲ್ಲ. ತಪ್ಪು ಬೇಗನೆ ಕಾಣಲಿ, ಬೇಗನೆ ತಿದ್ದಲ್ಪಡಲಿ ಎಂಬುದು ಇದರ ಆಶಯ. ತಪ್ಪಿನ ಬೆಲೆ ಅಲ್ಪವೆಂಬ ನಂಬಿಕೆಯೂ ಇದರ ಹಿಂದಿದೆ.

ಪಹಣಿಯ ಸಂದರ್ಭದಲ್ಲಿ ಈ ನಂಬಿಕೆ ಎಷ್ಟರಮಟ್ಟಿಗೆ ನಿಲ್ಲುತ್ತದೆ? ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಹುಣಸೂರು ತಾಲ್ಲೂಕಿನ ಒಬ್ಬ ಹೊಗೆಸೊಪ್ಪಿನ ಬೆಳೆಗಾರನ ಜಮೀನು ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದೆ. ಮೇ ತಿಂಗಳ ನಾಟಿಗೆ ಮೊದಲು ಬೆಳೆ ಸಾಲ ಬೇಕು. ಸಾಲಕ್ಕೆ ಪಹಣಿ ಬೇಕು, ಪಹಣಿಗೆ ಪೌತಿ ಖಾತೆಯಾಗಬೇಕು, ಅದಕ್ಕೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಬೇಕು. ಎಲ್ಲವೂ ಸರಿಯಾಗಿದ್ದರೂ ನೋಟಿಸಿನ ಅವಧಿ ಮುಗಿಯುವವರೆಗೆ ಕಾಯಬೇಕು. ಹೆಸರಿನಲ್ಲಿ ಒಂದು ದೋಷವಿದ್ದರೆ ಮೊದಲು ತಿದ್ದುಪಡಿ. ತಹಶೀಲ್ದಾರರ ಹಂತದ ಆದೇಶ ಒಪ್ಪಿಗೆಯಾಗದಿದ್ದರೆ ಕಾಯಿದೆಯ 136ನೆಯ ಪ್ರಕರಣದಂತೆ ಹುಣಸೂರಿನ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ, ಅಲ್ಲಿಂದ ಮೈಸೂರಿನ ಜಿಲ್ಲಾಧಿಕಾರಿಗಳ ಮುಂದೆ ಪುನರೀಕ್ಷಣೆ. ತಂತ್ರಾಂಶ ರಚಿಸಿದವನ ಸುತ್ತು ಒಂದು ತಿಂಗಳು. ರೈತನ ಸುತ್ತು ಒಂದು ಮುಂಗಾರು. ನಾಟಿಯ ಕಾಲ ತಪ್ಪಿದ ಮೇಲೆ ಸರಿಪಡಿಸಿದ ಪಹಣಿ ಕೈಗೆ ಬಂದರೆ ಕಚೇರಿಯ ಲೆಕ್ಕದಲ್ಲಿ ಅದು ವಿಲೇವಾರಿಯಾದ ಅರ್ಜಿ. ಮನೆಯ ಲೆಕ್ಕದಲ್ಲಿ ಅಷ್ಟರೊಳಗೆ ಕೈಸಾಲದ ಬಡ್ಡಿ ಏರಿರುತ್ತದೆ.

ಈ ಮಾತಿನಿಂದ ಆವರ್ತಕ ಪದ್ಧತಿ ಭೂದಾಖಲೆಗೆ ಒಗ್ಗದು ಎಂದು ತಿಳಿಯಬೇಕಾಗಿಲ್ಲ. ಒಮ್ಮೆಲೇ ಪರಿಪೂರ್ಣವಾಗಿ ಮಾಡುವ ದಾರಿ ಎಂತಹುದೆಂಬುದನ್ನು 1990ರ ದಶಕದ ಅನುಭವ ತೋರಿಸಿದೆ. ಇಲ್ಲಿಂದ ಹೊರಡುವ ತತ್ತ್ವ ಬೇರೆ: ದಾಖಲೆಯನ್ನು ಸುತ್ತುಸುತ್ತಾಗಿ ಉತ್ತಮಗೊಳಿಸುವ ಹಕ್ಕನ್ನು ಆಡಳಿತ ತನಗೆ ಇಟ್ಟುಕೊಂಡರೆ, ತಿದ್ದುಪಡಿಯ ದಾರಿಯನ್ನು ನಮೂದಿನ ದಾರಿಯಷ್ಟೇ ಹತ್ತಿರಕ್ಕೆ, ಅಷ್ಟೇ ಅಗ್ಗವಾಗಿ ಇಡುವ ಕರ್ತವ್ಯವೂ ಅದಕ್ಕೆ ಬರುತ್ತದೆ. ನಮೂದಿಸುವಾಗ ಕಚೇರಿ ಮಾಡಿದ ತಪ್ಪನ್ನು ತಿದ್ದಲು ರೈತನೇ ಅರ್ಜಿದಾರನಾಗಿ ಅಲೆಯಬೇಕಾದರೆ ಆವರ್ತನೆಯ ಲಾಭ ಕಚೇರಿಗೆ, ವೆಚ್ಚ ರೈತನಿಗೆ ಎಂದಾಗುತ್ತದೆ. ಕಂದಾಯ ಅದಾಲತ್ತು, ಪೌತಿ ಖಾತೆ ಆಂದೋಲನಗಳಂತಹ, ಆಡಳಿತವೇ ಊರಿಗೆ ಹೋಗಿ ತಿದ್ದುವ ಕ್ರಮಗಳು ಈ ಕಾರಣದಿಂದ ಮುಖ್ಯ. ಅವು ಔದಾರ್ಯದ ಕಾರ್ಯಕ್ರಮಗಳಲ್ಲ, ಪದ್ಧತಿಯ ಅವಿಭಾಜ್ಯ ಅಂಗ.

8. ಪಟ್ಟಿಯಲ್ಲಿಲ್ಲದವರು

ಆವರ್ತಕ ಪದ್ಧತಿಗೆ ಇನ್ನೊಂದು ಮಿತಿಯುಂಟು. ಅದು ಇದ್ದುದನ್ನು ಉತ್ತಮಗೊಳಿಸುತ್ತದೆ. ಇಲ್ಲದುದನ್ನು ತಾನಾಗಿ ಕಾಣುವುದಿಲ್ಲ. ಭೂಮಿ ಯೋಜನೆಯ ಮೊದಲ ಸುತ್ತಿನ ಆಧಾರ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕ. ಅದರಲ್ಲಿ ಹೆಸರಿದ್ದವರು ಗಣಕಕ್ಕೆ ಬಂದರು. ಬಗರ್ ಹುಕುಂ ಸಾಗುವಳಿದಾರರು, ಮನೆಯ ಹಿರಿಯ ಗಂಡಸಿನ ಹೆಸರಿನ ಹಿಂದೆ ಉಳಿದ ಹೆಣ್ಣುಮಕ್ಕಳು, ಕಾಡಿನೊಳಗೆ ಮತ್ತು ಕಾಡಂಚಿನಲ್ಲಿ ತಲೆಮಾರುಗಳಿಂದ ಬದುಕಿದ ಹಾಡಿಯ ಜನ ಅದರಲ್ಲಿರಲಿಲ್ಲ. ಮುಂದಿನ ಸುತ್ತುಗಳಲ್ಲಿ ಪಹಣಿಗೆ ನಕ್ಷೆ ಜೋಡಿಸಿದರೂ, ಆಧಾರ್ ಜೋಡಿಸಿದರೂ, ಕೈಫೋನಿನಲ್ಲಿ ಸರ್ವೆ ನಂಬರು ಕಾಣಿಸುವ ‘ದಿಶಾಂಕ್’ ಬಂದರೂ ಪಹಣಿಯೇ ಇಲ್ಲದವನಿಗೆ ಇವುಗಳಿಂದ ಏನೂ ಒದಗುವುದಿಲ್ಲ. ಪಟ್ಟಿ ನಿಖರವಾದಷ್ಟೂ ಪಟ್ಟಿಯ ಹೊರಗಿರುವವನು ಇನ್ನಷ್ಟು ಅದೃಶ್ಯನಾಗುತ್ತಾನೆ. ಹೆಗ್ಗಡದೇವನಕೋಟೆಯ ಹಾಡಿಗಳ ಸಂದರ್ಭದಲ್ಲಿ ಇದು ಕೇವಲ ತರ್ಕವಲ್ಲ, ಬದುಕಿನ ಪ್ರಶ್ನೆ.

ಈ ನಿಟ್ಟಿನಲ್ಲಿ 2006ರ ಅರಣ್ಯ ಹಕ್ಕುಗಳ ಕಾಯಿದೆ ಮತ್ತು 2008ರ ಜನವರಿಯಲ್ಲಿ ಬಂದ ಅದರ ನಿಯಮಗಳು ದಾಖಲೆಯ ಕಲ್ಪನೆಯನ್ನೇ ಬೇರೊಂದು ನೆಲೆಗೆ ಒಯ್ದಿವೆ. ಇಲ್ಲಿ ಹಕ್ಕುಕೋರಿಕೆಯನ್ನು ಮೊದಲು ಪರಿಶೀಲಿಸುವುದು ಗ್ರಾಮಸಭೆ. ಸರ್ಕಾರಿ ಕಾಗದಗಳಷ್ಟೇ ಅಲ್ಲದೆ ಮನೆ, ಬಾವಿ, ಸ್ಮಶಾನ, ಪವಿತ್ರ ಸ್ಥಳಗಳಂತಹ ಗುರುತುಗಳು, ಹಕ್ಕುಕೋರಿದವರನ್ನು ಬಿಟ್ಟು ಇತರ ಹಿರಿಯರು ಹೇಳಿ ಬರೆಯಿಸಿದ ಹೇಳಿಕೆಗಳೂ ಸಾಕ್ಷ್ಯವಾಗಿ ಸಲ್ಲುತ್ತವೆ. ಹಾಡಿಯ ಹಿರಿಯನೊಬ್ಬ ತನ್ನವರನ್ನು ಹೂಳಿದ ಜಾಗ ಯಾವುದು, ದೇವರ ಮರ ಯಾವುದು, ರಾಗಿ ಚೆಲ್ಲುತ್ತಿದ್ದ ಬಯಲು ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಿದರೆ ಅದು ಕಾನೂನಿನ ದೃಷ್ಟಿಯಲ್ಲಿ ಪರಿಗಣಿಸಬೇಕಾದ ಸಾಕ್ಷ್ಯ. ಹೊಸ ಪಟ್ಟಿಯೊಂದು ಹುಟ್ಟುವುದು ಹೀಗೆ: ಹಳೆಯ ಪಟ್ಟಿಯನ್ನು ತಿದ್ದುವುದರಿಂದಲ್ಲ, ಜನರ ಮಾತನ್ನು ಕೇಳುವುದರಿಂದ.

ಕನ್ನಡ ಅಧ್ಯಯನಕ್ಕೂ ಈ ವಿಷಯಕ್ಕೂ ಇರುವ ಸಂಬಂಧ ಇಲ್ಲಿ ಸ್ಪಷ್ಟವಾಗುತ್ತದೆ. ಮೌಖಿಕ ಹೇಳಿಕೆಯನ್ನು ಅರ್ಥ ಕೆಡದಂತೆ ಬರಹಕ್ಕೆ ಇಳಿಸುವುದು, ಸ್ಥಳನಾಮಗಳನ್ನು ಗುರುತಿಸುವುದು, ಜೇನುಕುರುಬರ ಮಾತಿನ ಒಂದು ಪದಕ್ಕೂ ಕಚೇರಿ ಕನ್ನಡದ ಒಂದು ಪದಕ್ಕೂ ಇರುವ ಅಂತರವನ್ನು ತಿಳಿಯುವುದು ಜಾನಪದ ಮತ್ತು ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಪಡೆಯುವ ತರಬೇತಿ. ಯೋಜನಾ ನಿರ್ವಹಣೆಯ ಪರಿಭಾಷೆಯಲ್ಲಿ ‘ಅಗತ್ಯಗಳ ಸಂಗ್ರಹ’ ಎನ್ನಲಾಗುವ ಕಾರ್ಯ ಇದಕ್ಕಿಂತ ಬೇರೆಯಲ್ಲ. ಕ್ಷೇತ್ರಕಾರ್ಯದಲ್ಲಿ ನುರಿತವರು ಆ ಸಂಗ್ರಹದಲ್ಲಿ ಪಾಲುಗೊಳ್ಳುವ ಕ್ರಮ ನಮ್ಮಲ್ಲಿ ಬೆಳೆಯಬೇಕಾಗಿದೆ.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮಾನಕ ಮತ್ತು ಆವರ್ತನೆಗಳು ಪ್ರತಿಸ್ಪರ್ಧಿಗಳಲ್ಲ. ನಾಗರಿಕನನ್ನು ಕಾಯುವ ನಿಯಮಗಳು ಮಾನಕದ ಪಾಲಿಗೆ, ಅವನನ್ನು ತಲಪುವ ದಾರಿಗಳು ಆವರ್ತನೆಯ ಪಾಲಿಗೆ ಸೇರಬೇಕು. ಭೂಮಿ ಯೋಜನೆ ಯಶಸ್ವಿಯಾದ ಕಡೆಗಳಲ್ಲಿ ಈ ವಿಂಗಡಣೆ ಸರಿಯಾಗಿತ್ತು. ಎರಡನೆಯದಾಗಿ, ಆವರ್ತನೆಯ ಕಾಲಮಾನವನ್ನು ತಂತ್ರಜ್ಞನ ಪಂಚಾಂಗದಿಂದಲ್ಲದೆ ಬಳಸುವವನ ಪಂಚಾಂಗದಿಂದ ಅಳೆಯಬೇಕು. ರೈತನಿಗೆ ತಿದ್ದುಪಡಿಯ ಗಡುವು ನಾಟಿಗೆ ಮೊದಲು. ಮೂರನೆಯದಾಗಿ, ಪ್ರತಿ ಸುತ್ತಿನ ಆರಂಭದಲ್ಲಿ ಹಿಂದಿನ ಸುತ್ತಿನ ದೋಷಗಳ ಜೊತೆಗೆ ಪಟ್ಟಿಯಲ್ಲಿ ಇಲ್ಲದವರಾರು ಎಂಬ ಪ್ರಶ್ನೆಯನ್ನೂ ಕೇಳಬೇಕು. ಈ ಪ್ರಶ್ನೆಗೆ ಪಟ್ಟಿಯಿಂದ ಉತ್ತರ ದೊರೆಯದು. ಊರಿಗೆ, ಹಾಡಿಗೆ ಹೋಗಿಯೇ ತಿಳಿಯಬೇಕು.

ಆರಂಭದಲ್ಲಿ ಎತ್ತಿದ ಪದದ ಪ್ರಶ್ನೆಗೆ ಮರಳಿದರೆ, ಆಲೋಚನೆಯನ್ನು ‘ಯೋಜನಾಪತ್ರ’ ಎಂದೂ ಕಾರ್ಯವನ್ನು ‘ಕಾರ್ಯಯೋಜನೆ’ ಎಂದೂ ಬೇರ್ಪಡಿಸಿ ಬಳಸುವುದು ಸೂಕ್ತವೆಂದು ತೋರುತ್ತದೆ. ಪದಗಳನ್ನು ಬೇರ್ಪಡಿಸಿದ ಮಾತ್ರಕ್ಕೆ ವ್ಯವಹಾರ ಸುಧಾರಿಸುವುದಿಲ್ಲ. ಆದರೆ ಪತ್ರ ಮುಗಿದಿದೆ, ಕಾರ್ಯ ಮುಗಿದಿಲ್ಲ ಎಂದು ಕನ್ನಡದಲ್ಲಿಯೇ ಸ್ಪಷ್ಟವಾಗಿ ಹೇಳಲು ಅದರಿಂದ ಸಾಧ್ಯವಾಗುತ್ತದೆ. ತಾತನ ಹೆಸರಿನ ಪಹಣಿಯನ್ನು ಹಿಡಿದು ತಾಲ್ಲೂಕು ಕಚೇರಿಯ ಸರದಿಯಲ್ಲಿ ನಿಂತ ರೈತನಿಗೆ ಈ ವ್ಯತ್ಯಾಸ ಬಹಳ ಹಿಂದಿನಿಂದಲೇ ಗೊತ್ತಿದೆ.